ಶಿವನ ಗುಡಿಯ ಅಂಗಳದಲ್ಲಿ ಗರುಡ

ಹಳೇಬೀಡಿನ ಹೊಯ್ಸಳೇಶ್ವರ ಶಿವನ ಗುಡಿ. ಒಳಗೆ ಎರಡು ಲಿಂಗಗಳು, ಹೊರಗೆ ಎರಡು ನಂದಿಮಂಟಪಗಳು. ಹೀಗಿರುವಾಗ ದಕ್ಷಿಣದ ಅಂಗಳದಲ್ಲಿ ಒಂದು ಗರುಡಗಂಬಕ್ಕೆ ಏನು ಕೆಲಸ? ಬೇಲೂರಿನಲ್ಲಿ ಚೆನ್ನಕೇಶವನ ಎದುರು ಗರುಡ ಕೈಮುಗಿದು ನಿಂತಿರುವುದು ಸರಿ, ಅದು ಅವನ ಒಡೆಯನ ಮನೆ. ಶಿವನ ಅಂಗಳದಲ್ಲಿ ಅವನು ಹೊರಗಿನವನು. 2023ರಲ್ಲಿ ಹೊಯ್ಸಳ ದೇವಾಲಯಗಳು ಯುನೆಸ್ಕೊ ಪಟ್ಟಿ ಸೇರಿದ ಮೇಲೆ ಇಲ್ಲಿ ಜನಜಂಗುಳಿ ಹೆಚ್ಚಿದೆ. ಆದರೂ ಗೋಡೆಯ ಮೇಲಿನ ರಾಮಾಯಣ, ಭಾರತ, ನಾಟ್ಯಗಣಪತಿಗಳನ್ನು ನೋಡಿ ದಣಿದ ಕಣ್ಣಿಗೆ ಆ ಕಂಬ ಬೀಳುವುದು ಅಪರೂಪ. ಬಿದ್ದರೂ, ಎಲ್ಲಿಂದಲೋ ತಂದು ನಿಲ್ಲಿಸಿರಬೇಕು ಎಂದುಕೊಂಡು ಮುಂದೆ ಹೋಗುತ್ತಾರೆ.

ಹತ್ತಿರ ಹೋದರೆ ಮಾತ್ರ ಕಾಲು ನಿಲ್ಲುತ್ತದೆ. ಕಂಬದ ಸುತ್ತ ಪುಟ್ಟ ಪುಟ್ಟ ಆಳುಗಳು. ಕೈಯಲ್ಲಿ ಕತ್ತಿ. ಎದುರಿಗೆ ಶತ್ರುವಿಲ್ಲ. ಆ ಕತ್ತಿ ತಿರುಗಿರುವುದು ಅವರವರ ಕೊರಳಿಗೆ, ಅವರವರ ತೋಳಿಗೆ. ಕೆಳಗೆ ಹಳಗನ್ನಡದ ಶಾಸನವಿದೆ. ಅದರ ನಾಯಕ ಕುವರ ಲಕ್ಷ್ಮ, ಇಮ್ಮಡಿ ವೀರಬಲ್ಲಾಳನ ದಂಡನಾಯಕ. ಅರಸ ಅವನನ್ನು ಮಗನಂತೆ ಸಾಕಿ ದೊಡ್ಡ ಪದವಿಗೇರಿಸಿದ. ಅವನ ಹೆಂಡತಿ ಸುಗ್ಗಲದೇವಿ. ಅವನ ಜೊತೆ ಬದುಕಿ ಅವನ ಜೊತೆಯೇ ಸಾಯುವುದಾಗಿ ಭಾಷೆ ಕೊಟ್ಟ ವೀರರು ಒಂದು ಸಾವಿರ. ಎಲ್ಲರ ಕಾಲಿಗೂ ಚಿನ್ನದ ತೊಡರು. ಅರಸ ತೀರಿಕೊಂಡಾಗ ಲಕ್ಷ್ಮ ಕೊಟ್ಟ ಮಾತನ್ನು ಉಳಿಸಿಕೊಂಡ. ಅವನೂ ಅವನ ಹೆಂಡತಿಯೂ ಗರುಡನೊಡನೆ ಒಂದಾದರು ಎನ್ನುತ್ತದೆ ಶಾಸನ. ಕಂಬದ ಹೆಸರಿನಲ್ಲಿರುವ ಗರುಡ ಹಾಗಾದರೆ ವಿಷ್ಣುವಿನ ಹಕ್ಕಿಯಲ್ಲ, ಹೊಯ್ಸಳ ಅರಮನೆಯ ಒಂದು ಸ್ಥಾನ. ಅರಸ ಇರುವವರೆಗೆ ಅವನ ಮೈಗಾವಲು, ಅರಸ ಹೋದ ದಿನ ಅವನ ಹಿಂದೆಯೇ ಹೋಗಬೇಕಾದ ಮನುಷ್ಯ.

ಇಂಥ ಸಾವನ್ನು ಹೊಯ್ಸಳರು ಹೊಸದಾಗಿ ಕಂಡುಹಿಡಿಯಲಿಲ್ಲ. ಕನ್ನಡ ನಾಡಿನಲ್ಲಿ ಅದಕ್ಕೆ ಬೇರೆ ಬೇರೆ ಹೆಸರುಗಳು ಆಗಲೇ ಇದ್ದವು. ಮೈಸೂರು ಜಿಲ್ಲೆಯ ದೊಡ್ಡಹುಂಡಿಯ ಒಂಬತ್ತನೆಯ ಶತಮಾನದ ಕಲ್ಲಿನಲ್ಲಿ ಗಂಗರ ನೀತಿಮಾರ್ಗ ಮಲಗಿ ಪ್ರಾಣ ಬಿಡುತ್ತಿದ್ದಾನೆ, ಅವನ ಮನೆಯಾಳು ಅಗರಯ್ಯ ಆತನನ್ನು ಹಿಡಿದುಕೊಂಡು ಕೂತಿದ್ದಾನೆ. ಅಗರಯ್ಯನ ಪಾಲಿಗೆ ಬಂದ ಪದ ಕೀಳ್ಗುಂಠೆ, ಒಡೆಯನ ಹೆಣದ ಕೆಳಗೆ ತಾನೂ ಮಣ್ಣಾಗುವುದು. ಪಂಪನ ಕಾಲಕ್ಕೆ ಜೋಳದ ಪಾಳಿ, ಅಂದರೆ ಜೋಳವಾಳಿ, ಎಂಬ ಮಾತು ಬಳಕೆಯಲ್ಲಿತ್ತು. ಒಡೆಯ ಹಾಕಿದ ಜೋಳವನ್ನು ಉಂಡವನು ಯುದ್ಧದಲ್ಲಿ ಪ್ರಾಣ ಕೊಟ್ಟು ಅದನ್ನು ತೀರಿಸಬೇಕು. ಅದರ ಪಕ್ಕದಲ್ಲೇ ವೇಳೆವಾಳಿ. ಇದು ಉಂಡ ಸಾಲದ ಲೆಕ್ಕವಲ್ಲ, ಆಡಿದ ಮಾತಿನದು: ಇಂಥ ಹೊತ್ತು ಬಂದರೆ ಸಾಯುತ್ತೇನೆ ಎಂದು ನಾಲ್ಕು ಜನರ ಎದುರು ಹೇಳಿ, ಆ ಹೊತ್ತು ಬಂದಾಗ ಸಾಯುವುದು. ಹೀಗೆ ಮಾತಿಗೆ ಕಟ್ಟುಬಿದ್ದ ಆಳನ್ನು ಲೆಂಕ ಎಂದೂ ಕರೆದರು.

ಈ ಪದಗಳನ್ನು ಒಂದೊಂದಾಗಿ ಬಿಡಿಸಿ ನೋಡಿದವರಲ್ಲಿ ಮುಖ್ಯರು ಎಂ. ಚಿದಾನಂದಮೂರ್ತಿ. 1966ರಲ್ಲಿ ಬಂದ ಅವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ ಜೋಳವಾಳಿ, ವೇಳೆವಾಳಿ, ಗರುಡ ಮೂರನ್ನೂ ಚರ್ಚಿಸಿದ್ದಾರೆ. ಅವನ್ನು ಸಾಲಾಗಿ ಓದುವಾಗ ನನಗೆ ಕಾಣುವುದು ಇಷ್ಟು. ಜೋಳವಾಳಿ ಅಡುಗೆಮನೆಯ ಮಾತು, ರೈತನಿಗೂ ಅರ್ಥವಾಗುತ್ತದೆ. ವೇಳೆವಾಳಿ ಸಭೆಯ ಮಾತು. ಗರುಡ ಎನ್ನುವ ಹೊತ್ತಿಗೆ ಮಾತು ಗುಡಿಯೊಳಗೆ ಹೋಗಿ ಕೂತಿದೆ. ಮಾಡುವ ಕೆಲಸ ಹೆಚ್ಚುಕಡಿಮೆ ಅದೇ, ಹೆಸರಿನ ಅಂತಸ್ತು ಮಾತ್ರ ಏರಿದೆ. ಹಾಗೆ ಏರಿಸಬೇಕಾದ ಗರಜು ಯಾರಿಗಿತ್ತು ಎಂಬುದನ್ನು ಕೇಳಲೇಬೇಕು.

ಗರುಡನ ಕಥೆಯಿಂದಲೇ ಶುರುಮಾಡೋಣ. ತಾಯಿ ವಿನತೆಯನ್ನು ಕದ್ರುವಿನ ಊಳಿಗದಿಂದ ಬಿಡಿಸಲು ಅವನು ಅಮೃತ ತರಲು ಹೋದ. ದಾರಿಯಲ್ಲಿ ವಿಷ್ಣು ಮೆಚ್ಚಿ ವರ ಕೇಳು ಎಂದ. ನಾನು ನಿನಗಿಂತ ಮೇಲೆ ಇರಬೇಕು ಎಂದು ಗರುಡ ಕೇಳಿದ. ವಿಷ್ಣು ಒಪ್ಪಿದ, ಜೊತೆಗೆ ನೀನು ನನ್ನ ವಾಹನವಾಗು ಎಂದೂ ಕೇಳಿದ. ಹಾಗೆ ಗರುಡ ಒಡೆಯನನ್ನು ಬೆನ್ನ ಮೇಲೆ ಹೊತ್ತ, ಒಡೆಯನ ಬಾವುಟದ ಮೇಲೂ ಕೂತ. ತಾಯಿಯ ಗುಲಾಮಗಿರಿಯನ್ನು ಕಳೆದವನು ತಾನು ಮಾತ್ರ ಒಬ್ಬನ ಸೇವೆಯಲ್ಲಿ ನಿಂತ, ನಿಂತೂ ಆತನಿಗಿಂತ ಎತ್ತರದಲ್ಲಿ ಉಳಿದ. ಅರಸನಿಗೆ ಮೈಗಾವಲಿನವರು ಬೇಕೆಂದಾಗ ಇದಕ್ಕಿಂತ ಹೊಂದುವ ಪುರಾಣ ಸಿಗುತ್ತಿರಲಿಲ್ಲ. ಆಳು ಎಂದರೆ ಕೀಳು, ಗರುಡ ಎಂದರೆ ಕಂಬದ ತುದಿ.

ಇನ್ನೊಂದು ಅನುಕೂಲವೂ ಇತ್ತು. ಹೊಯ್ಸಳರು ತಮ್ಮನ್ನು ಯಾದವ ಕುಲದವರೆಂದು ಹೇಳಿಕೊಂಡರು, ದ್ವಾರಾವತೀಪುರವರಾಧೀಶ್ವರ ಎಂಬ ಬಿರುದು ಹೊತ್ತರು. ಅರಸ ಕೃಷ್ಣನ ಮನೆತನದವನಾದರೆ ಅವನ ಹಿಂದಿರುವವನು ಗರುಡನಾಗುವುದು ಸಹಜವಾಗಿಯೇ ಕಂಡೀತು. ಗುಡಿ ಯಾವ ದೇವರದೇ ಇರಲಿ, ಆ ಲೆಕ್ಕದಲ್ಲಿ ವಿಷ್ಣು ಸಿಂಹಾಸನದ ಮೇಲಿದ್ದ. ಹಾಗಾಗಿ ಶಿವನ ಅಂಗಳದಲ್ಲಿ ಗರುಡಗಂಬ ನಿಂತದ್ದರಲ್ಲಿ ಆ ಕಾಲದವರಿಗೆ ಏನೂ ವಿಪರೀತ ಕಂಡಿರಲಾರದು. ಅದು ದೇವರ ಮುಂದಿನ ಕಂಬವೇ ಅಲ್ಲ, ಅರಸನ ಮುಂದಿನ ಕಂಬ.

ಈಗ ರಾಜಕೀಯಕ್ಕೆ ಬರೋಣ. ಹೊಯ್ಸಳರಿಗೆ ನಿಷ್ಠೆಯ ಬೆಲೆ ಚೆನ್ನಾಗಿ ಗೊತ್ತಿತ್ತು, ಏಕೆಂದರೆ ಅವರೇ ಅದನ್ನು ಮುರಿದು ಮೇಲೆ ಬಂದವರು. ಮಲೆನಾಡಿನ ಅಂಚಿನ ಈ ಮನೆತನ ಕಲ್ಯಾಣದ ಚಾಲುಕ್ಯರ ಮಹಾಮಂಡಲೇಶ್ವರರಾಗಿ ಬೆಳೆಯಿತು. ಶಾಸನಗಳ ಮೊದಲಲ್ಲಿ ಚಾಲುಕ್ಯ ಚಕ್ರವರ್ತಿಯ ಹೆಸರು, ಆಮೇಲೆ ತಮ್ಮದು. ಆದರೆ ವಿಷ್ಣುವರ್ಧನ 1116ರಲ್ಲಿ ತಲಕಾಡನ್ನು ಚೋಳರಿಂದ ಕಿತ್ತುಕೊಂಡವನು ಅಷ್ಟಕ್ಕೇ ನಿಲ್ಲಲಿಲ್ಲ. 1118ರಲ್ಲಿ ಕನ್ನೆಗಾಲದಲ್ಲಿ ಬೀಡುಬಿಟ್ಟಿದ್ದ ಚಾಲುಕ್ಯ ದಂಡಿನ ಮೇಲೆ ಅವನ ದಂಡನಾಯಕ ಗಂಗರಾಜ ರಾತ್ರಿ ಹೊತ್ತು ಬಿದ್ದ. ತಾವು ಉಂಡ ಮನೆಯ ದಂಡು ಅದು. ಜೋಳದ ಪಾಳಿಯ ನೀತಿಯಲ್ಲಿ ಇದಕ್ಕೆ ಏನು ಹೆಸರಿಡಬೇಕೋ ಓದುಗರೇ ಇಡಲಿ. ಪೂರ್ತಿ ಸ್ವತಂತ್ರರಾಗಲು ಆಮೇಲೂ ಎರಡು ತಲೆಮಾರು ಹಿಡಿಯಿತು, ಆದರೆ ದಾರಿ ಯಾವುದೆಂದು ಆ ರಾತ್ರಿಯೇ ತಿಳಿದಿತ್ತು.

ಆ ಕೆಲಸವನ್ನು ಮುಗಿಸಿದವನು ಇಮ್ಮಡಿ ಬಲ್ಲಾಳ. ಅವನ ಆರಂಭವೂ ಮನೆಯೊಳಗಿನ ಬಂಡಾಯವೇ. ತಂದೆ ಒಂದನೆಯ ನರಸಿಂಹನ ಆಳ್ವಿಕೆ ಸಡಿಲವಾಗಿತ್ತು. ಬಲ್ಲಾಳ ರಾಜಧಾನಿ ದೋರಸಮುದ್ರವನ್ನು, ಅಂದರೆ ಇಂದಿನ ಹಳೇಬೀಡನ್ನು, ಬಿಟ್ಟು ಹೊರಟು ಮಲೆಯ ಪಾಳೆಯಗಾರರನ್ನು ತನ್ನ ಕಡೆ ಸೇರಿಸಿಕೊಂಡ. 1173ರಲ್ಲಿ ತಂದೆ ತೀರಿಕೊಂಡ ಮೇಲೆ ಪಟ್ಟವೇರಿದ. ಆಮೇಲಿನ ಕಥೆ ಗೆಲುವಿನದು. ಉಚ್ಚಂಗಿಯ ಕೋಟೆ ಬಿತ್ತು, ಚಾಲುಕ್ಯರು ಕರಗಿದರು, ಸುಮಾರು 1190ರಲ್ಲಿ ಸೊರಟೂರಿನಲ್ಲಿ ಸೇವುಣರ ಭಿಲ್ಲಮ ಸೋತ. ಗಿರಿದುರ್ಗಮಲ್ಲ, ಶನಿವಾರಸಿದ್ಧಿ ಎಂಬ ಬಿರುದುಗಳು ಬಂದವು. 47 ವರ್ಷ ಆಳಿದ.

ಅಷ್ಟು ಕಾಲ ಆಳಿದವನಿಗೆ ಸುತ್ತಲಿನವರು ಏನು ಮಾಡಬಲ್ಲರು ಎಂಬುದು ಪುಸ್ತಕ ಓದಿ ತಿಳಿಯಬೇಕಾದ್ದಲ್ಲ. ತಾನು ಮಗನಾಗಿ ತಂದೆಗೆ ಏನು ಮಾಡಿದ್ದೆ ಎಂಬುದು ನೆನಪಿರುತ್ತದೆ. ಅರಸನ ಊಟದ ಹತ್ತಿರ, ಹಾಸಿಗೆಯ ಹತ್ತಿರ, ಬೆನ್ನ ಹಿಂದೆ ಯಾರು ನಿಲ್ಲಬೇಕು? ಅರಸ ಸತ್ತರೆ ತನಗೆ ಲಾಭವಿರುವವನು ನಿಲ್ಲಬಾರದು. ಅರಸ ಸತ್ತರೆ ತಾನೂ ಸಾಯುವವನು ನಿಂತರೆ ಒಳ್ಳೆಯದು. ಗರುಡ ವ್ಯವಸ್ಥೆಯ ಎಲುಬು ಈ ಲೆಕ್ಕ. ಇದನ್ನು ಬರೀ ಸ್ವಾಮಿಭಕ್ತಿಯ ಪರಾಕಾಷ್ಠೆ ಎಂದು ಬರೆದು ಮುಗಿಸುವ ನಮ್ಮ ಪಠ್ಯಪುಸ್ತಕದ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ. ಭಕ್ತಿ ಇದ್ದಿರಬಹುದು, ಇರಲಿಲ್ಲ ಎನ್ನಲು ನಾನು ಯಾರು? ಆದರೆ ಭಕ್ತಿಯನ್ನು ನಂಬಿ ಮಲಗುವ ಅರಸ ಇದಕ್ಕೆ ಇಷ್ಟೊಂದು ವಿಧಿ, ಆಣೆ, ಚಿನ್ನ ಖರ್ಚು ಮಾಡಬೇಕಾಗಿರಲಿಲ್ಲ.

ಬಲ್ಲಾಳನ ಕೊನೆಯ ದಿನಗಳು ಈ ಸೀಮೆಯ ಕಲ್ಲುಗಳಲ್ಲೇ ಇವೆ. ಹಳೇಬೀಡಿನ ಕೇದಾರೇಶ್ವರವನ್ನು ಅವನೂ ರಾಣಿ ಕೇತಲದೇವಿಯೂ ಕಟ್ಟಿಸಿದ್ದು 1219ರಲ್ಲಿ. ಮರುವರ್ಷ ಅರಸೀಕೆರೆಯಲ್ಲಿ ಎರಡು ಗುಡಿಗಳು ಎದ್ದವು. ಒಂದು ನಕ್ಷತ್ರದಾಕಾರದ ಮುಖಮಂಟಪದ ಶಿವಾಲಯ, ಇನ್ನೊಂದು ಬಲ್ಲಾಳನ ಮಂತ್ರಿ ರೇಚರಸ ಕಟ್ಟಿಸಿದ ಸಹಸ್ರಕೂಟ ಜಿನಾಲಯ. ನಾಡು ಸಮೃದ್ಧವಾಗಿತ್ತು, ಉಳಿಯ ಸದ್ದು ನಿಂತಿರಲಿಲ್ಲ. 1220ರಲ್ಲಿ ಬಲ್ಲಾಳ ತೀರಿಕೊಂಡ. ಪಟ್ಟ ಇಮ್ಮಡಿ ನರಸಿಂಹನಿಗೆ ಬಂತು. ಅವನು ಆಗಲೇ ತಂದೆಯ ಜೊತೆ ರಾಜ್ಯಭಾರದಲ್ಲಿ ಪಳಗಿದ್ದ, ತಮಿಳುನಾಡಿನ ದಂಡಯಾತ್ರೆಗಳಲ್ಲಿ ಹೆಸರು ಮಾಡಿದ್ದ. ಅವನು ಪಟ್ಟವೇರಲು ಅಡ್ಡಿ ಇದ್ದಂತೆ ಕಾಣುವುದಿಲ್ಲ.

ಈಗ ಕುವರ ಲಕ್ಷ್ಮನ ಜಾಗದಲ್ಲಿ ನಿಂತು ನೋಡಿ. ಕುವರ ಎಂದರೆ ಮಗ. ಹೆತ್ತ ಮಗನಲ್ಲ, ಆದರೆ ಅರಸ ಮಗನೆಂದು ಸಾಕಿದವನು, ದಂಡನಾಯಕ. ಅವನ ಕೈಕೆಳಗಿನ ಸಾವಿರ ಜನ ಆಣೆಯಿಟ್ಟಿರುವುದು ಅವನಿಗೆ, ಸಿಂಹಾಸನಕ್ಕಲ್ಲ. ಮುದಿ ಅರಸ ಇರುವವರೆಗೆ ಇದೊಂದು ಬಲ. ಅವನು ಕಣ್ಣು ಮುಚ್ಚಿದ ಮಾರನೆಯ ದಿನ ಹೊಸ ಅರಸನಿಗೆ ಇದೇ ಒಂದು ತಲೆನೋವು. ಮಗನೆನಿಸಿಕೊಂಡ ಇನ್ನೊಬ್ಬ, ಕೈಯಲ್ಲಿ ದಂಡು, ಮೇಲಾಗಿ ಅವನಿಗಾಗಿ ಸಾಯಲು ಸಿದ್ಧವಾಗಿರುವ ಸಾವಿರ ತಲೆ. ಲೋಕದ ಎಷ್ಟೋ ಅರಮನೆಗಳಲ್ಲಿ ಇಂಥವರನ್ನು ಹೊಸ ಅರಸ ಕೊಲ್ಲಿಸಿದ್ದಾನೆ, ಅಥವಾ ಇವರೇ ಹೊಸ ಅರಸನನ್ನು ಕೊಂದಿದ್ದಾರೆ. ದೋರಸಮುದ್ರದಲ್ಲಿ ಎರಡೂ ಆಗಲಿಲ್ಲ. ಹಳೆಯ ಅರಸನ ಅತಿ ಬಲಿಷ್ಠ ಮನುಷ್ಯ ಅವನ ಹಿಂದೆಯೇ ಹೊರಟುಹೋದ, ಹೊಸ ಅರಸನ ಕೈಗೆ ರಕ್ತ ಹತ್ತಲಿಲ್ಲ, ಹೋದವನಿಗೊಂದು ಕಂಬ ಎದ್ದಿತು. ನರಸಿಂಹ ಇದನ್ನು ಬಯಸಿದ ಎಂದು ನಾನು ಹೇಳುತ್ತಿಲ್ಲ. ಯಾರೂ ಬಯಸದೆಯೂ ನಡೆಯುವಂತೆ ವ್ಯವಸ್ಥೆ ಇತ್ತು ಎನ್ನುತ್ತಿದ್ದೇನೆ. ಗರುಡ ಎಂಬ ಪದ ಅದನ್ನು ನೋಡಿಕೊಳ್ಳುತ್ತಿತ್ತು.

ಆಣೆಯಿಟ್ಟವರೆಲ್ಲ ನಡೆದುಕೊಂಡರೇ? ಕಲ್ಲು ನಿಲ್ಲುವುದು ನಡೆದುಕೊಂಡವರಿಗೆ. ತಪ್ಪಿಸಿಕೊಂಡವನ ಕಂಬ ಎಲ್ಲೂ ಇಲ್ಲ. ಆದರೆ ತಮಿಳು ಕಡೆಯಿಂದ ಒಂದು ಸುಳಿವು ಸಿಗುತ್ತದೆ. ನಮ್ಮ ವೇಳೆವಾಳಿಯ ಒಡಹುಟ್ಟಾದ ವೇಳೈಕ್ಕಾರರ್ ಚೋಳರ ಸೈನ್ಯದಲ್ಲಿದ್ದರು, ಸಿಂಹಳದ ಅರಸರ ಬಳಿಯೂ ಇದ್ದರು. ಹನ್ನೊಂದನೆಯ ಶತಮಾನದ ಕೊನೆಯಲ್ಲಿ ವಿಜಯಬಾಹು ಅವರನ್ನು ಚೋಳರ ವಿರುದ್ಧ ಹೊರಡಿ ಎಂದಾಗ ಅವರು ಪೊಲೊನ್ನರುವದಲ್ಲಿ ಅವನ ಮೇಲೆಯೇ ತಿರುಗಿಬಿದ್ದರು. ಅರಸ ಆ ದಂಗೆಯನ್ನು ಕ್ರೂರವಾಗಿ ಅಡಗಿಸಿದ. ಅದೇ ಊರಿನ ಒಂದು ಶಾಸನದಲ್ಲಿ, ಬುದ್ಧನ ದಂತಮಂದಿರವನ್ನು ಪ್ರಾಣ ಕೊಟ್ಟಾದರೂ ಕಾಯುವುದಾಗಿ ವೇಳೈಕ್ಕಾರರೇ ಮಾತು ಕೊಟ್ಟಿದ್ದಾರೆ. ಆಣೆ ಎಂಬುದು ಎರಡೂ ದಿಕ್ಕಿಗೆ ತಿರುಗುವ ಅಗುಳಿ. ಹೊಯ್ಸಳರು ಅದಕ್ಕೆ ಪುರಾಣದ ಮೊಳೆ ಹೊಡೆದು ಭದ್ರ ಮಾಡಿದರು ಅನ್ನಿಸುತ್ತದೆ. ಜೋಳ ಉಂಡವನು ಜೋಳ ಮರೆಯಬಹುದು, ಗರುಡನಾದವನು ವಿಷ್ಣುವನ್ನು ಬಿಟ್ಟು ಎಲ್ಲಿಗೆ ಹೋದಾನು?

ದೂರದಿಂದ ಬಂದವರಿಗೂ ಈ ಪದ್ಧತಿ ಕಣ್ಣಿಗೆ ಬಿದ್ದಿತ್ತು. ಹತ್ತನೆಯ ಶತಮಾನದ ಅರಬ್ ಲೇಖಕ ಅಬೂ ಝೈದ್ ಹಿಂದೂ ಅರಸರ ಪಟ್ಟಾಭಿಷೇಕದ ಒಂದು ಸಂಗತಿ ಬರೆದಿದ್ದಾನೆ. ಅರಸನ ಮುಂದೆ ಬಾಳೆಯೆಲೆಯ ಮೇಲೆ ಅನ್ನ ಹಾಕುತ್ತಾರೆ, ಅವನು ಉಂಡು ಉಳಿದದ್ದನ್ನು ಸಂಗಡಿಗರಿಗೆ ಕೊಡುತ್ತಾನೆ. ಬಲವಂತವಿಲ್ಲ, ಮನಸ್ಸಿದ್ದವರು ಬಂದು ತೆಗೆದುಕೊಳ್ಳುತ್ತಾರೆ. ತೆಗೆದುಕೊಂಡವರೆಲ್ಲ ಅರಸ ಸತ್ತ ದಿನ ಬೆಂಕಿಗೆ ಬೀಳಬೇಕು. ಮೂರೂವರೆ ಶತಮಾನದ ಆಚೆ ತಮಿಳು ಕರಾವಳಿಗೆ ಬಂದ ಮಾರ್ಕೊ ಪೋಲೊ ಕೂಡ ಅರಸನ ಚಿತೆಗೆ ಹಾರುವ ಆಪ್ತರ ಬಗ್ಗೆ ಬರೆದ. ಇಬ್ಬರೂ ಹೇಳಿದ್ದು ನಮ್ಮ ದೋರಸಮುದ್ರದ ಮಾತಲ್ಲ. ಆದರೂ ಆ ಬಾಳೆಯೆಲೆಯ ಅನ್ನವನ್ನು ಓದುವಾಗ ಜೋಳದ ಪಾಳಿ ನೆನಪಾಗದೆ ಇರದು.

ಕುವರ ಲಕ್ಷ್ಮನೊಬ್ಬನೇ ಇದ್ದಿದ್ದರೆ ಇದನ್ನು ಒಬ್ಬನ ಅತಿರೇಕ ಎಂದು ಬಿಡಬಹುದಿತ್ತು. ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿ ಹಾಗೆ ಬಿಡಲು ಬಿಡುವುದಿಲ್ಲ. ಅಲ್ಲಿನ ಗರುಡಗಂಬಗಳ ತಲೆಯ ಮೇಲೆ ಆನೆ ಕೂತಿದೆ. ಅಲ್ಲಿನ ಶಾಸನಗಳು ಒಂದೇ ಮನೆತನದ ತಲೆಮಾರುಗಳನ್ನು ಹೆಸರಿಸುತ್ತವೆ. ಎರೆಯಂಗನ ಕಾಲದಿಂದ ಹದಿಮೂರನೆಯ ಶತಮಾನದ ಕೊನೆಯ ಮೂರನೆಯ ನರಸಿಂಹನ ಕಾಲದವರೆಗೆ ಅರಸರ ಸಾಲು ಒಂದು ಕಡೆ, ಅವರ ಹಿಂದೆ ಸತ್ತ ಗರುಡರ ಸಾಲು ಇನ್ನೊಂದು ಕಡೆ. ತಂದೆ ಸತ್ತದ್ದು ಹೇಗೆಂದು ಬಲ್ಲ ಮಗ ಅದೇ ಕೆಲಸಕ್ಕೆ ನಿಲ್ಲುತ್ತಿದ್ದ. ಸಾಯುವ ಉದ್ಯೋಗ ವಂಶಪಾರಂಪರ್ಯವಾಗಿ ಬಂದಿತ್ತು. ಇಲ್ಲಿ ಮನಸ್ಸಿದ್ದವರು ಬಂದು ಅನ್ನ ತೆಗೆದುಕೊಳ್ಳಲಿ ಎಂಬ ಮಾತಿಗೆ ಅರ್ಥವಿದೆಯೇ? ಹುಟ್ಟುವಾಗಲೇ ಎಲೆ ಹಾಕಿಯಾಗಿತ್ತು. ಆ ಮನೆತನಕ್ಕೆ ಸಿಕ್ಕ ಭೂಮಿ, ನಾಯಕ ಪದವಿ, ಮರ್ಯಾದೆಗಳನ್ನೂ ಮರೆಯುವಂತಿಲ್ಲ. ಒಬ್ಬನ ಸಾವು ಉಳಿದವರ ಜೀವನಾಧಾರ.

ಜಪಾನಿನಲ್ಲೂ ಇಂಥ ಪದ್ಧತಿಯಿತ್ತು, ಒಡೆಯನ ಹಿಂದೆ ಸಾಯುವುದನ್ನು ಅಲ್ಲಿ ಜುನ್‌ಶಿ ಎನ್ನುತ್ತಿದ್ದರು. 1663ರಲ್ಲಿ ತೊಕುಗಾವ ಸರ್ಕಾರ ಅದನ್ನು ನಿಷೇಧಿಸಿತು. ನಿನ್ನ ಸೇವೆ ಸಲ್ಲಬೇಕಾದ್ದು ಒಡೆಯನೊಬ್ಬನಿಗಲ್ಲ, ಅವನ ಮನೆತನಕ್ಕೆ, ಆದ್ದರಿಂದ ಅವನ ಮಗನಿಗೂ ನೀನು ಬೇಕು ಎಂಬುದು ಅದರ ಹಿಂದಿನ ವಿಚಾರ. ರಾಜ್ಯ ಎಂಬುದು ಅರಸನ ಮೈಯಿಂದ ಬೇರೆಯಾಗಿ ನಿಂತಾಗ ಮಾತ್ರ ಬರುವ ವಿಚಾರ ಅದು. ಅರಸ ಯಾರನ್ನು ನಂಬಬೇಕು ಎಂಬ ಅದೇ ಪ್ರಶ್ನೆಗೆ ರಷ್ಯಾದ ಅರಸ ನಾಲ್ಕನೆಯ ಇವಾನ್ ಇನ್ನೊಂದು ಉತ್ತರ ಹುಡುಕಿದ. 1565ರಲ್ಲಿ ಅವನು ಕಟ್ಟಿದ ಒಪ್ರಿಚ್ನಿಕರ ಪಡೆಯ ಹೆಸರು ‘ಬೇರೆ, ಪ್ರತ್ಯೇಕ’ ಎಂಬರ್ಥದ ಹಳೆಯ ಮಾತಿನಿಂದ ಹುಟ್ಟಿದ್ದು. ಒಪ್ರಿಚ್ನಿನ ಎಂದರೆ ಮೊದಲು ವಿಧವೆಗೆ ಎತ್ತಿಟ್ಟ ಪಾಲಿನ ಆಸ್ತಿ. ಮನೆಯ ಲೆಕ್ಕದ ಪದ ಭಯದ ಪದವಾಯಿತು. ಕಪ್ಪು ಬಟ್ಟೆ ತೊಟ್ಟ ಆ ಪಡೆಯವರೂ ಒಬ್ಬನಿಗೇ ಆಣೆಯಿಟ್ಟವರು, ಆದರೆ ಅವನಿಗಾಗಿ ಬೇರೆಯವರನ್ನು ಕೊಂದರು. ಏಳು ವರ್ಷಕ್ಕೆ ಇವಾನನೇ ಅದನ್ನು ಮುಚ್ಚಿದ. ಗರುಡರು ಇನ್ನೊಬ್ಬರ ಮನೆ ಸುಟ್ಟ ಕಥೆ ನಮ್ಮ ಕಲ್ಲುಗಳಲ್ಲಿ ಇಲ್ಲ, ಅಷ್ಟರ ಮಟ್ಟಿಗೆ ಹೊಯ್ಸಳರ ಪದ ಹೆಚ್ಚು ಮಾನವಂತದ್ದು.

ಹೊಯ್ಸಳರ ಜೊತೆ ಆ ಅರ್ಥವೂ ಮರೆಯಾಯಿತು. 1311ರಲ್ಲಿ ದೆಹಲಿ ಸುಲ್ತಾನನ ದಂಡನಾಯಕ ಮಲಿಕ್ ಕಾಫೂರ್ ದೋರಸಮುದ್ರದ ಬಾಗಿಲಿಗೆ ಬಂದ, ಮುಂದೆ ಇನ್ನೊಂದು ದಾಳಿಯಾಯಿತು, ರಾಜಧಾನಿ ಹಾಳು ಬೀಡಾಯಿತು. ಗರುಡ ಮತ್ತೆ ಹಕ್ಕಿಯಾದ. ನಾಲ್ಕೈದು ಶತಮಾನ ಕಂಬದ ಮುಂದೆ ನಡೆದವರಿಗೆ ಅದರ ಅಕ್ಷರ ಓದಲು ಬರುತ್ತಿರಲಿಲ್ಲ. 1902ರಲ್ಲಿ ಬಿ. ಎಲ್. ರೈಸ್ ಹಾಸನ ಜಿಲ್ಲೆಯ ಶಾಸನಗಳ ಸಂಪುಟ ಹೊರತಂದಾಗ ಕುವರ ಲಕ್ಷ್ಮ ಮತ್ತೆ ಮಾತಾಡಿದ. ಇವತ್ತು ವಾಯುಪಡೆಯ ಕಮಾಂಡೊಗಳಿಗೆ ಗರುಡ್ ಎಂಬ ಹೆಸರಿದೆ. ಅದನ್ನು ಇಟ್ಟವರ ಮನಸ್ಸಿನಲ್ಲಿ ಹಳೇಬೀಡು ಇದ್ದಿರಲಾರದು. ಜೋಳವಾಳಿ ಮಾತ್ರ ವೇಷ ಬದಲಿಸಿಕೊಂಡು ಬದುಕಿದೆ. ಉಪ್ಪು ತಿಂದ ಮನೆಗೆ ಎರಡು ಬಗೆಯಬೇಡ ಎಂದು ನಮ್ಮ ಕಡೆ ಇವತ್ತಿಗೂ ಬೈಯುತ್ತಾರೆ, ಪಕ್ಷ ಬಿಟ್ಟು ಪಕ್ಷಕ್ಕೆ ಹಾರಿದ ಶಾಸಕನಿಗೂ ಅದೇ ಬೈಗುಳ.

ಒಂದು ಮಾತು ಉಳಿಯಿತು, ಸುಗ್ಗಲದೇವಿಯದು. ಗಂಡ ಸತ್ತಾಗ ಸತ್ತವಳಿಗೆ ನಮ್ಮಲ್ಲಿ ಮಾಸ್ತಿಕಲ್ಲು ಇದೆ, ಬಳೆ ತೊಟ್ಟ ಎತ್ತಿದ ತೋಳು ಅದರ ಗುರುತು. ಕಾದಿ ಸತ್ತವನಿಗೆ ವೀರಗಲ್ಲು. ಸುಗ್ಗಲದೇವಿ ಎರಡರಲ್ಲೂ ಸೇರುವುದಿಲ್ಲ. ಅವಳು ಗಂಡನ ಚಿತೆಯ ಹಿಂದೆ ಹೋದವಳಲ್ಲ, ಗಂಡನ ಒಡೆಯನ ಸಾವಿಗೆ ಗಂಡನ ಜೊತೆಗೇ ಪ್ರಾಣ ಕೊಟ್ಟವಳು, ತೊಡರು ತೊಟ್ಟವಳು. ಶಾಸನ ಅವಳನ್ನು ಲಕ್ಷ್ಮನ ನೆರಳೆಂದು ಬರೆಯದೆ ಸಮಕ್ಕೆ ನಿಲ್ಲಿಸಿದೆ. ಅವಳಾಗಿಯೇ ಒಪ್ಪಿದಳೋ, ಒಪ್ಪದೆ ಬೇರೆ ದಾರಿ ಇರಲಿಲ್ಲವೋ, ಹೊಗಳಿ ಬರೆದ ಕವಿಯಿಂದ ಅದನ್ನು ಹೊರಡಿಸಲಾಗದು. ಬಾಚಹಳ್ಳಿಯ ಕಂಬಗಳಲ್ಲೂ ನಾಯಕರ ಜೊತೆ ಹೆಂಡತಿಯರು ಇದ್ದಾರೆ, ಅವರ ಹಿಂದೆ ಊಳಿಗದ ಹೆಣ್ಣುಮಕ್ಕಳೂ ಇದ್ದಾರೆ. ಅರಸನಿಗೆ ಗರುಡ ನಾಯಕ, ನಾಯಕನಿಗೆ ಹೆಂಡತಿ, ಹೆಂಡತಿಗೆ ತೊತ್ತು. ಆಣೆ ಮೇಲಿನಿಂದ ಕೆಳಕ್ಕೆ ಇಳಿಯುತ್ತಾ ಹೋದಂತೆ ಚಿನ್ನ, ಭೂಮಿ, ಹೆಸರು ಒಂದೊಂದಾಗಿ ಕಡಿಮೆಯಾಗುತ್ತವೆ, ಸಾವು ಮಾತ್ರ ಪೂರ್ತಿ ಅಳತೆಯದೇ. ಲಕ್ಷ್ಮನ ಕಂಬದಲ್ಲಿ ಕತ್ತಿ ಹಿಡಿದ ಆ ಪುಟ್ಟ ಆಳುಗಳಿಗೂ ಹೆಸರಿಲ್ಲ, ಶಾಸನಕ್ಕೆ ಅವರು ಸಾವಿರ ಎಂಬ ಸಂಖ್ಯೆ.